ಏಳುನೂರ ನಲವತ್ತನಾಲ್ಕರ ಸಾಲು

ಚಟ್ಟದ ನಾಲ್ಕನೆಯ ಕೊನೆಗೆ ಹೆಗಲು ಕೊಡಲು ಯಾರೂ ಮುಂದೆ ಬರಲಿಲ್ಲ.

ಮೂವರು ಗಂಡಸರು ಬಗ್ಗಿ ತಂತಮ್ಮ ಕೊನೆ ಹಿಡಿದು, ಎತ್ತಲೂ ಆಗದೆ ಬಿಡಲೂ ಆಗದೆ ಕಾಯುತ್ತಿದ್ದರು. ಅಂಗಳದ ತುಂಬ ಜನವಿದ್ದರು. ಒಬ್ಬ ತನ್ನ ಚಪ್ಪಲಿಯ ದಾರ ಕಟ್ಟಿಕೊಳ್ಳತೊಡಗಿದ. ಇನ್ನೊಬ್ಬ ಬೀದಿಯಾಚೆಯ ಅಕ್ರೋಟದ ಮರದ ಕಡೆ ಮುಖ ಮಾಡಿ, ಈ ವರ್ಷ ಕಾಯಿ ಎಷ್ಟು ಬಿಟ್ಟಿದೆ ಎಂದು ಎಣಿಸುವವನ ಹಾಗೆ ನಿಂತ.

"ಯಾರಾದ್ರೂ ಬನ್ರೋ, ಸೊಂಟ ಬಿದ್ದೋಗ್ತಿದೆ," ಎಂದ ತೋರೋಸ್. ಊರಲ್ಲಿ ಗುಂಡಿ ತೋಡುವವನು ಅವನೇ. ಬೆಳಗಿನಿಂದ ಅರ್ಧ ಗುಂಡಿ ತೋಡಿ, ಕೈಯ ಮಣ್ಣನ್ನೂ ತೊಳೆಯದೆ ಹೆಣ ಎತ್ತಲು ಓಡಿ ಬಂದಿದ್ದ.

"ನನ್ನ ಮೊಣಕಾಲು ನಿಮಗೆ ಗೊತ್ತಲ್ಲ," ಎಂದ ಊರಿನ ಯಜಮಾನ ಮರ್ಟಿರೋಸ್, ಯಾರೂ ಕೇಳುವ ಮುಂಚೆಯೇ.

ಪಾದ್ರಿ ಕಿರಾಕೋಸ್ ಧೂಪದ ಪಾತ್ರೆ ಹಿಡಿದು ಬಾಗಿಲ ಮುಂದೆ ನಿಂತಿದ್ದ. ಪಾತ್ರೆಯನ್ನು ಕೆಳಗಿಟ್ಟು ತಾನೇ ಹೋಗಿ ಹೆಗಲು ಕೊಡಬಹುದಿತ್ತು. ಹಾಗಂದುಕೊಂಡ ಕೂಡ. ಅಂದುಕೊಂಡವನು ಪಾತ್ರೆಯನ್ನು ಇನ್ನೊಂದು ಸಲ ತೂಗಿದ, ಹೊಗೆ ಎದ್ದಿತು, ಅದರ ಮರೆಯಲ್ಲಿ ಕಣ್ಣು ಮುಚ್ಚಿಕೊಂಡ.

ಹೆಂಗಸರ ಗುಂಪಿನಿಂದ ವಾನೇನಿ ಹೊರಗೆ ಬಂದಳು. ಸತ್ತವಳ ಒಬ್ಬಳೇ ಮಗಳು, ಮೂವತ್ತನಾಲ್ಕು ವರ್ಷದವಳು. ತಲೆವಸ್ತ್ರದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನಾಲ್ಕನೆಯ ಕೊನೆಯನ್ನು ಹಿಡಿದಳು.

"ಹೆಣ್ಣುಮಕ್ಕಳು ಹೆಗಲು ಕೊಡೋ ಪದ್ಧತಿ ಇಲ್ಲಮ್ಮ ನಮ್ಮಲ್ಲಿ," ಎಂದ ಮರ್ಟಿರೋಸ್.

"ಗಂಡಸರು ಕೊಡದೇ ಇರೋ ಪದ್ಧತಿ ಇದೆಯಾ, ಮಾವ?"

ಮರ್ಟಿರೋಸ್ ಮೊಣಕಾಲು ಉಜ್ಜಿಕೊಂಡ. ಚಟ್ಟ ಮೇಲೆದ್ದಿತು. ವಾನೇನಿ ಹಿಡಿದ ಕೊನೆ ತಗ್ಗಾಗಿದ್ದರಿಂದ ಹೆಣ ಸ್ವಲ್ಪ ಓರೆಯಾಗಿ, ಯಾರದೋ ಮಾತಿಗೆ ಕಿವಿಗೊಟ್ಟಂತೆ, ಬೀದಿಗಿಳಿಯಿತು.

ಹಾಡಿ ಅಳುವ ಕೆಲಸ ತಮ್ತಾಳದ್ದು. ಸತ್ತವಳಿಗೆ ಅವಳು ನಾದಿನಿ, ಗಂಡನ ತಂಗಿ. ಈಗ ಹಲ್ಲೆಲ್ಲ ಬಿದ್ದ ಮುದುಕಿ. ಆದರೂ ದನಿ ಗಟ್ಟಿಯಾಗಿತ್ತು. ಅವಳು ಪದ್ಧತಿಯಂತೆ ಕಾಲಿನಿಂದ ಶುರು ಮಾಡಿದಳು. ನೀರು ಹೊತ್ತ ನಿನ್ನ ಕಾಲು, ಆಸ್ಪಾ. ರೊಟ್ಟಿ ತಟ್ಟಿದ ನಿನ್ನ ಕೈ, ಆಸ್ಪಾ. ಮಗಳನ್ನು ಹೊತ್ತ ನಿನ್ನ ಸೊಂಟ. ಹೀಗೆ ಮೇಲೆ ಮೇಲೆ ಏರುತ್ತ ಬಾಯಿಯ ತನಕ ಬಂದು, "ನಿನ್ನ ಬಾಯಿ..." ಎಂದು ತಟಕ್ಕನೆ ನಿಂತುಬಿಟ್ಟಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ತಮ್ತಾ ಬಾಯನ್ನು ದಾಟಿ ಕಣ್ಣಿಗೆ ಹೋದಳು.

"ಇವಳು ಸ್ವರ್ಗದ ಬಾಗಿಲಲ್ಲೂ ಯಾರದಾದ್ರೂ ಗುಟ್ಟು ಬಿಟ್ಟುಕೊಡ್ತಾಳೆ ನೋಡು," ಎಂಬ ಮಾತು ಕಿರಾಕೋಸನ ಬೆನ್ನ ಹಿಂದೆ ಕೇಳಿಸಿತು.

"ಎಲ್ಲಿಂದ? ಮೂವತ್ತು ವರ್ಷದಿಂದ ತುಟಿ ಎರಡು ಮಾಡಿದವಳಲ್ಲ."

"ಮಾಡೋದೇನು ಉಳಿದಿತ್ತು. ಆಡೋದನ್ನೆಲ್ಲ ಒಂದೇ ದಿನ ಆಡಿ ಮುಗಿಸಿದ್ಳಲ್ಲ."

ಪಾದ್ರಿ ತಿರುಗಿ ನೋಡಿದರೆ ಅವರು ಸುಮ್ಮನಾಗುತ್ತಿದ್ದರು. ಕಿರಾಕೋಸ್ ತಿರುಗಲಿಲ್ಲ.

*

ಅವಳು ಮಾತಿನ ಮಲ್ಲಿಯಾಗಿದ್ದ ಕಾಲವೊಂದಿತ್ತು.

ಆಗ ಅರ್ಪೆನಿ ಊರಿಗೆಲ್ಲ ರೊಟ್ಟಿ ಬೇಯಿಸುತ್ತಿದ್ದವಳು ಆಸ್ಪಾ. ಅಂಗಳದಲ್ಲಿ ನೆಲಕ್ಕೆ ಹೂತ ಎರಡು ಮಣ್ಣಿನ ಒಲೆಗಳಿದ್ದವು. ಒಂದು ಹೊಸದು. ಇನ್ನೊಂದು ಅವಳ ಅತ್ತೆಯ ಕಾಲದ್ದು, ಬಿರುಕು ಬಿಟ್ಟು ತಣ್ಣಗಾದದ್ದು. ಹೊಸದರ ಬಾಯಿಗೆ ಅರ್ಧ ಮೈಯಿಳಿಸಿ ಒಳಗೋಡೆಗೆ ರೊಟ್ಟಿ ಬಡಿಯುತ್ತ, ತಲೆ ಹೊರಗೆ ಬಂದಾಗಲೆಲ್ಲ ಒಂದು ಮಾತು, ಒಂದು ನಗು. ಯಾರ ಎಮ್ಮೆ ಈದಿತು, ಯಾರ ಸೊಸೆ ಮುನಿಸಿಕೊಂಡಳು ಎಂದು ತಿಳಿಯಬೇಕಾದರೆ ಜನ ರೊಟ್ಟಿಯ ನೆಪದಲ್ಲಿ ಅವಳಲ್ಲಿಗೆ ಬರುತ್ತಿದ್ದರು. ಇಪ್ಪತ್ತೆರಡರ ಕಿರಾಕೋಸ್ ಆಗಷ್ಟೇ ಮಠದಲ್ಲಿ ಅಕ್ಷರ ಕಲಿತು, ಮುದುಕ ಪಾದ್ರಿ ಸ್ತೆಪಾನೋಸರ ಕೈಕೆಳಗೆ ಕೆಲಸಕ್ಕೆ ಸೇರಿದ್ದ. ಗಡ್ಡ ಸರಿಯಾಗಿ ಬಂದಿರಲಿಲ್ಲ. ಆಸ್ಪಾ ಅವನನ್ನು 'ಪುಟ್ಟ ಸ್ವಾಮಿ' ಎನ್ನುತ್ತಿದ್ದಳು.

ನಮ್ಮ ಅರ್ಮೇನಿಯರ ಲೆಕ್ಕದ ಏಳುನೂರ ನಲವತ್ತನಾಲ್ಕನೆಯ ವರ್ಷ ತಬ್ರೀಜಿನಲ್ಲಿ, ನಮ್ಮನ್ನೂ ಆಳುವ ಹೊಸ ಖಾನ ಪಟ್ಟಕ್ಕೆ ಬಂದ. ಚರ್ಚುಗಳನ್ನು ಕೆಡವಬೇಕು, ಬೆಳ್ಳಿ ಬಂಗಾರ ದೋಚಬೇಕು ಎಂಬ ಅಪ್ಪಣೆ ಹೊರಟಿದೆ ಎಂದು ದಾರಿಹೋಕರು ಹೇಳಿದರು. ಅರ್ಪೆನಿಯ ಚರ್ಚಿನಲ್ಲಿ ಇದ್ದದ್ದು ಒಂದೇ ಬೆಳ್ಳಿ. ಅದು ಸುವಾರ್ತೆಯ ಪುಸ್ತಕದ ಹೊದಿಕೆ. ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಸ್ತೆಪಾನೋಸರು ಆ ಪುಸ್ತಕವನ್ನು ಕಿರಾಕೋಸನ ಕೈಲಿಟ್ಟು ಆಸ್ಪಾಳ ಮನೆಗೆ ಕಳಿಸಿದರು. ಅವಳು ಹಳೆಯ ಒಲೆಯ ಬೂದಿ ಕೆದರಿ ಜಾಗ ಮಾಡಿದಳು. ಗೋಣಿಯಲ್ಲಿ ಸುತ್ತುವಾಗ ಕೈಯಲ್ಲಿ ತೂಗಿ ನೋಡಿದಳು.

"ಇಷ್ಟು ಹಗುರನಾ, ಪುಟ್ಟ ಸ್ವಾಮಿ? ದೇವರ ಮಾತು ಇನ್ನೂ ಭಾರ ಇರುತ್ತೆ ಅಂದ್ಕೊಂಡಿದ್ದೆ."

"ಯಾರಿಗೂ ಹೇಳಬೇಡಿ, ಅಕ್ಕ."

"ನನ್ ಬಾಯಿ ದೊಡ್ಡದು ಅಂತ ಹೆದರಿಕೆನಾ? ಬಾಯಿ ದೊಡ್ಡದಿದ್ರೆ ಬಾಗ್ಲೂ ದೊಡ್ಡದಿರುತ್ತಪ್ಪ. ಮುಚ್ಚೋಕೂ ಬರುತ್ತೆ."

ಗುಟ್ಟು ಗೊತ್ತಿದ್ದದ್ದು ಆ ಮೂವರಿಗೆ ಮಾತ್ರ. ಆಸ್ಪಾ ಗಂಡನಿಗೂ ಹೇಳಲಿಲ್ಲ.

ಎಂಟು ದಿನಕ್ಕೆ ಖಾನನ ಸವಾರರು ಬಂದರು. ಜನ ಗುಡ್ಡ ಹತ್ತಿ ಅಡಗಿದರು. ಸ್ತೆಪಾನೋಸರು ಚರ್ಚಿನ ಹೊಸ್ತಿಲು ಬಿಟ್ಟು ಏಳಲಿಲ್ಲ. ಗುರುವನ್ನು ಬಿಟ್ಟು ಹೋಗಬಾರದೆಂದು ಕಿರಾಕೋಸನೂ ಉಳಿದ. ಅಲ್ಲಿಯವರೆಗೆ ಅವನು ನಿಜವಾಗಿಯೂ ಧೈರ್ಯಸ್ಥನೇ. ಸವಾರರು ಸ್ತೆಪಾನೋಸರನ್ನು ಅಕ್ರೋಟದ ಮರದ ಕೆಳಗೆ ಎಳೆದುಕೊಂಡು ಹೋಗಿ, ಬೆಳ್ಳಿ ಎಲ್ಲಿ ಎಂದು ಕೇಳಿದರು. ಅವರು ಬಾಯಿ ಬಿಡಲಿಲ್ಲ. ದೊಣ್ಣೆಯಿಂದ ಕೇಳಿದರು. ಆಗಲೂ ಬಿಡಲಿಲ್ಲ. ಆಮೇಲೆ ಅವರು ಉಸಿರನ್ನೇ ಬಿಟ್ಟರು. ಸವಾರರಲ್ಲಿ ನಮ್ಮ ಭಾಷೆ ಬಲ್ಲವನೊಬ್ಬ ಕಿರಾಕೋಸನ ಕಡೆ ತಿರುಗಿ, "ನಿಂಗೆ ಗೊತ್ತಾ?" ಎಂದು ಕೇಳಿದ. ಅಷ್ಟೇ. ಹೊಡೆಯಲಿಲ್ಲ, ಮುಟ್ಟಲಿಲ್ಲ, ದನಿಯನ್ನೂ ಏರಿಸಲಿಲ್ಲ.

ಕಿರಾಕೋಸನ ಕೈ ತಾನಾಗಿ ಮೇಲೆದ್ದಿತು.

"ರೊಟ್ಟಿಯವಳ ಮನೆ. ಹಳೇ ಒಲೆ."

ಆಮೇಲೆ ಓಡಿದ. ಗಿರಣಿಯ ಹತ್ತಿರ ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲು ಜಾರಿ ಬಿದ್ದು ಹಣೆ ಒಡೆಯಿತು. ಸವಾರರು ನೆಟ್ಟಗೆ ಆಸ್ಪಾಳ ಅಂಗಳಕ್ಕೆ ಹೋದರು. ಅಡ್ಡ ನಿಂತ ಅವಳ ಗಂಡ ಅವೇತನನ್ನು ಅವನ ಹೊಸ್ತಿಲಲ್ಲೇ ಕೆಡವಿ, ಬೆಳ್ಳಿಯ ಹೊದಿಕೆ ಕಿತ್ತುಕೊಂಡು, ಪುಸ್ತಕವನ್ನು ಹರಿದು ತೊರೆಗೆ ಎಸೆದರು.

ಜನ ಗುಡ್ಡದಿಂದ ಇಳಿದು ಬಂದಾಗ ಕಂಡದ್ದು ಇಷ್ಟು. ಮುದುಕ ಪಾದ್ರಿ ಸತ್ತಿದ್ದಾರೆ. ಕಿರಿಯವನು ರಕ್ತದಲ್ಲಿ ತೊಯ್ದು ಬಿದ್ದಿದ್ದಾನೆ. ಆಸ್ಪಾಳ ಹಳೆಯ ಒಲೆ ಅಗೆದು ಬಿದ್ದಿದೆ. ಉಳಿದದ್ದನ್ನು ಅವರೇ ಕೂಡಿಸಿಕೊಂಡರು. ಆ ಬಾಯಿಬಡುಕಿ ಎಲ್ಲೋ ಬಾಯಿ ಬಿಟ್ಟಿದ್ದಾಳೆ ಎಂದರು. ಕಿರಾಕೋಸನನ್ನು ಹೊತ್ತು ತಂದು ಮಲಗಿಸಿ, ಹೆಂಗಸರು ಅವನ ಹಣೆ ಒರೆಸಿ ಅತ್ತರು. ಮೊದಲ ದಿನ ನೋವಿಗೆ ಅವನಿಗೆ ಮಾತು ಬರಲಿಲ್ಲ. ಎರಡನೆಯ ದಿನದ ಹೊತ್ತಿಗೆ ಊರೆಲ್ಲ ಒಂದೇ ಮಾತಾಗಿತ್ತು. ಮೂರನೆಯ ದಿನ, ಹೇಳುವುದಕ್ಕೆ ಜಾಗವೇ ಉಳಿದಿರಲಿಲ್ಲ.

ಆ ಮೂರು ದಿನ ಆಸ್ಪಾ ಸೊಂಟದವರೆಗೆ ತೊರೆಯ ನೀರಿಗಿಳಿದು ಹಾಳೆಗಳನ್ನು ಹುಡುಕಿ ತೆಗೆದಳು. ಮನೆಯೊಳಗೆ ಗಂಡನ ಹೆಣವಿತ್ತು, ಅಂಗಳದಲ್ಲಿ ಹೊಸ ಒಲೆಯ ಸುತ್ತ ಒದ್ದೆ ಹಾಳೆಗಳು. ಒಂದೊಂದನ್ನೇ ಮಗುಚಿ ಒಣಗಿಸಿದಳು. ಪಾಪ ತೊಳೆದುಕೊಳ್ತಿದಾಳೆ ಎಂದರು ಜನ.

*

ಚರ್ಚಿನಲ್ಲಿ ಪ್ರಾರ್ಥನೆ ಮುಗಿಯಿತು. ಆದರೆ ಗುಂಡಿಯಲ್ಲಿ ಬಂಡೆ ಸಿಕ್ಕಿದೆ, ಇನ್ನೂ ಒಂದು ಗಳಿಗೆ ಬೇಕು ಎಂದು ತೋರೋಸ್ ಹೇಳಿ ಕಳಿಸಿದ. ಜನ ಹೊರಗೆ ಹೋಗಿ ಬಿಸಿಲಿಗೆ ಕೂತರು. ಹಿತ್ತಲಲ್ಲಿ ಟಗರಿನ ಮಾಂಸ ದೊಡ್ಡ ಕೊಪ್ಪರಿಗೆಯಲ್ಲಿ ಬರೀ ಉಪ್ಪು ಹಾಕಿ ಬೇಯುತ್ತಿತ್ತು. ಮಣ್ಣು ಮುಗಿದ ಮೇಲೆ ಊರಿಗೆಲ್ಲ ಹಂಚುವ ಊಟ ಅದು. ಮಂತ್ರಿಸಿದ ಉಪ್ಪನ್ನು ಬೆಳಿಗ್ಗೆ ಕಿರಾಕೋಸನೇ ಕೊಟ್ಟಿದ್ದ.

ಒಳಗೆ ಹೆಣದ ಜೊತೆ ಅವನೂ ವಾನೇನಿಯೂ ಉಳಿದರು.

"ಸ್ವಾಮಿ, ಒಂದು ಕೇಳ್ತೀನಿ. ಇಲ್ಲ ಅನ್ನಬಾರ್ದು."

"ಹೇಳಮ್ಮ."

"ಆ ಸಾಲು ತೆಗೆದುಬಿಡಿ."

ಯಾವ ಸಾಲು ಎಂದು ಅವನು ಕೇಳಲಿಲ್ಲ. ಅವಳೇ ಮುಂದುವರಿಸಿದಳು.

"ನಂಗೆ ಅಕ್ಷರ ಬರಲ್ಲ. ಆದ್ರೆ ಅದು ಬಾಯಿಪಾಠ ಆಗಿದೆ. ಸ್ತೆಪಾನೋಸ್ ಸ್ವಾಮಿಗಳ ದಿನ ವರ್ಷ ವರ್ಷ ನೀವು ಓದ್ತೀರಲ್ಲ. ಮೊದ್ಲು ಖಾನ, ಆಮೇಲೆ ಕಿಲಿಕಿಯಾದ ರಾಜರು, ಈಜಿಪ್ಟಿನ ಬರ, ಸ್ತೆಪಾನೋಸ್ ಸ್ವಾಮಿಗಳು, ಆಮೇಲೆ ನಮ್ಮಮ್ಮ. ಚಿಕ್ಕೋಳಿದ್ದಾಗ ನಂಗೆಷ್ಟು ಖುಷಿ ಗೊತ್ತಾ? ರಾಜರ ಸಾಲಲ್ಲಿ ನಮ್ಮಮ್ಮನ ಹೆಸರು ಬರುತ್ತೆ, ನಮ್ಮಮ್ಮ ಏನೋ ದೊಡ್ಡ ಮನುಷ್ಯಳು ಅಂತ. ಒಂದ್ ಸಲ ಜೋರಾಗಿ ಕೈ ತಟ್ಟಿಬಿಟ್ಟಿದ್ದೆ. ಎಲ್ರೂ ನಕ್ಕರು. ಅಮ್ಮ ನನ್ನ ಕೈ ಹಿಡ್ಕೊಂಡು ಮಡಿಲಲ್ಲಿ ಇಟ್ಕೊಂಡ್ಳು."

ಕಿರಾಕೋಸನಿಗೆ ಆ ಚಪ್ಪಾಳೆ ನೆನಪಿತ್ತು. ಓದು ನಿಲ್ಲಿಸದೆ ಮುಂದುವರಿಸಿದ್ದ.

"ನನ್ನ ಗಂಡನ ಮನೇಲಿ ಒಲೆ ಮೇಲೆ ಏನಿದೆ ಅನ್ನೋದನ್ನೂ ನನ್ನೆದುರು ಆಡಲ್ಲ. ಅದು ಹೋಗ್ಲಿ, ನನ್ನ ಕಾಲಕ್ಕೆ ಮುಗೀತು. ನಾಳೆ ನೀವಿರಲ್ಲ, ನಾನಿರಲ್ಲ, ಆ ಪುಸ್ತಕ ಇರುತ್ತೆ. ಇನ್ಯಾರೋ ಬಂದು ಓದ್ತಾರೆ. ಅವಳು ಮಾಡಿದ್ಳೋ ಬಿಟ್ಳೋ, ಮೂವತ್ತೊಂದು ವರ್ಷ ಸಾಲ್ದಾ ಸ್ವಾಮಿ?"

ಅವನು ಪೀಠದ ಮೇಲಿದ್ದ ಸುವಾರ್ತೆಯ ಪುಸ್ತಕವನ್ನು ತಂದು ಕೊನೆಯ ಪುಟ ಬಿಡಿಸಿದ. ಸೊಂಟದಲ್ಲಿದ್ದ ಲೇಖನಿಯ ಚಾಕುವನ್ನು ತೆಗೆದ. ಬರೆದದ್ದು ಅವನ ಕೈಯೇ. ಅಕ್ಷರಗಳು ದುಂಡಗೆ, ಸಾಲು ನೆಟ್ಟಗೆ.

*

ಅದನ್ನು ಬರೆದದ್ದು ಮರುವರ್ಷ, ಹಾಳೆಗಳಿಗೆ ಮತ್ತೆ ಹೊಲಿಗೆ ಹಾಕಿಸಿದ ಮೇಲೆ. ಅಷ್ಟರಲ್ಲಿ ಬಿಷಪರು ಅವನಿಗೇ ಪಾದ್ರಿಯ ಪಟ್ಟ ಕೊಟ್ಟಿದ್ದರು. ಗುರುವಿನ ಜೊತೆ ಏಟು ತಿಂದ ಹುಡುಗನಿಗಲ್ಲದೆ ಇನ್ಯಾರಿಗೆ ಎಂದಿತ್ತು ಊರು. ಆಗಿನ ಯಜಮಾನ, ಮರ್ಟಿರೋಸನ ತಂದೆ, ಪಕ್ಕದಲ್ಲಿ ಕೂತು ಹೇಳುತ್ತಿದ್ದ. ಆ ವರ್ಷ ಲೋಕದಲ್ಲಿ ನಡೆದ ದೊಡ್ಡ ಸಂಗತಿಗಳನ್ನು ಬರಿ. ದೊಡ್ಡವರ ಹೆಸರು ಬರಿ. ಆಮೇಲೆ ನಮ್ಮೂರಿನದು ಬರಿ. ಕಿರಾಕೋಸ್ ಬರೆದ. ಕೊನೆಗೆ ಯಜಮಾನ, "ಯಾರಿಂದ ಹೋಯ್ತು ಅನ್ನೋದನ್ನೂ ಬರಿ ಸ್ವಾಮಿ, ಮುಂದಿನವರಿಗೆ ಗೊತ್ತಾಗ್ಲಿ," ಎಂದ. ಹೆಸರು ಬೇಡ ಎನ್ನಬಹುದಿತ್ತು. ಕೈ ನೋಯುತ್ತಿದೆ ಎನ್ನಬಹುದಿತ್ತು. ಮಸಿ ಮುಗಿಯಿತು ಎಂದಿದ್ದರೂ ನಡೆಯುತ್ತಿತ್ತು. ಅವನು ಲೇಖನಿ ಅದ್ದಿ, ಅಕ್ಷರ ಕೆಡದ ಹಾಗೆ ಉಸಿರು ಬಿಗಿಹಿಡಿದು ಬರೆದ. ಬರೆದಾದ ಮೇಲೆ ತಲೆ ಓರೆ ಮಾಡಿ ನೋಡಿದ ಕೂಡ, ಚೆನ್ನಾಗಿ ಬಂದಿದೆಯೇ ಎಂದು.

ಆಸ್ಪಾಳಿಗೆ ಸತ್ಯ ಗೊತ್ತಿಲ್ಲ ಎಂದೇ ಅವನು ಇಷ್ಟು ವರ್ಷ ಬದುಕಿದ್ದ. ಮೂರು ದಿನದ ಹಿಂದೆ ಆ ನೆಮ್ಮದಿಯೂ ಹೋಯಿತು. ಆಸ್ಪಾ ಹಾಸಿಗೆ ಹಿಡಿದು ಪಾಪನಿವೇದನೆಗೆ ಕರೆಸಿದ್ದಳು. ವಾನೇನಿ ನೀರಿಗೆ ಹೋಗಿದ್ದಳು. ಕೋಣೆಯಲ್ಲಿ ಬಿಸಿಲು ಬಿದ್ದಿತ್ತು. ಮೂವತ್ತು ವರ್ಷ ಆಡದೆ ಉಳಿಸಿಕೊಂಡ ದನಿ ತುಕ್ಕು ಹಿಡಿದ ಚಿಲಕದ ಹಾಗೆ ಕಿರುಗುಟ್ಟಿತು.

"ಕಳ್ಳತನ ಮಾಡಿಲ್ಲ. ಹಿಟ್ಟಿನಲ್ಲಿ ಎರಡು ಸಲ ಕಲಬೆರಕೆ ಮಾಡಿದೀನಿ. ಆಮೇಲೆ ಒಬ್ಬನ್ನ ದ್ವೇಷ ಮಾಡಿದೀನಿ. ದಿನಾ. ಹೆಸರು ಹೇಳ್ಬೇಕಾ?"

"ಬೇಡ," ಎಂದ ಕಿರಾಕೋಸ್, ತುಂಬ ಬೇಗ. "ಹೆಸರು ದೇವರಿಗೆ ಗೊತ್ತಿರುತ್ತೆ."

ಆಸ್ಪಾ ನಕ್ಕಳು. ಹಳೆಯ ನಗು, ಒಲೆಯಿಂದ ತಲೆಯೆತ್ತಿದಾಗ ನಗುತ್ತಿದ್ದದ್ದು.

"ದೇವರಿಗೆ ಗೊತ್ತಿರೋದು ನಂಗೂ ಗೊತ್ತು. ಕೇಳೋಕೆ ನಿಮಗೆ ಧೈರ್ಯ ಇದೆಯಾ ಅಂತ ನೋಡ್ದೆ." ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು, "ನಾನು ಆವತ್ತು ಗುಡ್ಡಕ್ಕೆ ಹೋಗಿರ್ಲಿಲ್ಲ. ಮನೆ ಮಾಡಿನ ಮೇಲಿದ್ದೆ. ಅಕ್ರೋಟದ ಮರ ಅಲ್ಲಿಂದ ಚೆನ್ನಾಗಿ ಕಾಣುತ್ತೆ."

ಅವನು ಕೈಯಲ್ಲಿದ್ದ ಶಿಲುಬೆಯನ್ನು ನಿಲುವಂಗಿಯ ತುದಿಯಿಂದ ಒರೆಸತೊಡಗಿದ.

"ಕ್ಷಮಿಸ್ಬೇಕು ಅಂತೀರೇನೋ ಈಗ. ಅವನು ಬಂದು ಕೇಳ್ಲಿ, ನೋಡೋಣ."

ಅವನು ಕೇಳಲಿಲ್ಲ. ಮಂತ್ರದ ಮಾತುಗಳನ್ನು ಗಡಬಡಿಸಿ ಹೇಳಿ, ಅವಳ ಪಾಪಗಳನ್ನು ಮನ್ನಿಸಿ, ಪ್ರಸಾದದ ರೊಟ್ಟಿಯನ್ನು ಅವಳ ನಾಲಗೆಯ ಮೇಲಿಟ್ಟು ಎದ್ದು ಬಂದ. ನಾಳೆ ಹೋಗಿ ಕೇಳೋಣ ಅಂದುಕೊಂಡ. ಮರುದಿನ ಹೋಗಲಿಲ್ಲ. ಅದರ ಮರುದಿನ ಅವಳಿರಲಿಲ್ಲ.

*

ಚಾಕು ಚರ್ಮದ ಹಾಳೆಯ ಮೇಲೆ ಇಲಿ ಕಡಿದ ಹಾಗೆ ಸದ್ದು ಮಾಡಿತು. 'ಆಸ್ಪಾ ಎಂಬ ಹೆಂಗಸಿನ' ಎಂಬಷ್ಟನ್ನು ಅವನು ಹೆರೆದು ತೆಗೆದ. ವಾನೇನಿ ಬಗ್ಗಿ, ಕಂದು ಪುಡಿಯನ್ನು ಉಫ್ ಎಂದು ಊದಿದಳು. ಆಮೇಲೆ ಅವನ ಬಲಗೈಯನ್ನು ಹಿಡಿದು ಮುತ್ತಿಟ್ಟು ಕಣ್ಣಿಗೊತ್ತಿಕೊಂಡಳು.

"ನೀವು ದೊಡ್ಡವರು ಸ್ವಾಮಿ. ಅವಳಿಂದ ನಿಮಗೇ ಅಷ್ಟು ನೋವಾಗಿದ್ರೂ ಅಳಿಸಿದ್ರಿ."

ಕಿರಾಕೋಸ್ ಕೈಯನ್ನು ಎಳೆದುಕೊಂಡ. ಎಳೆದ ರಭಸಕ್ಕೆ ಅವಳು ಬೆಚ್ಚಿದಳು.

"ಇನ್ನೊಂದೇ ಒಂದು," ಎಂದಳು ಮೆಲ್ಲಗೆ. "ಗುಂಡಿ ಹತ್ರ ಎಲ್ಲರ ಮುಂದೆ ಓದ್ತೀರಾ? ಅದು ಅಲ್ಲಿಲ್ಲ ಅನ್ನೋದು ಅವರ ಕಿವಿಗೆ ಬೀಳ್ಬೇಕು."

*

ಹೆಣವನ್ನು ಇಳಿಸಿದರು. ತೋರೋಸ್ ಗುದ್ದಲಿಯಿಂದ ನಾಲ್ಕಾರು ಸಲ ಮಣ್ಣೆಳೆದು ಕಾಲಿನ ಕಡೆ ಮುಚ್ಚಿದ. ಇನ್ನು ಪಾದ್ರಿ ನಾಲ್ಕು ದಿಕ್ಕಿಗೂ ಶಿಲುಬೆ ತೋರಿಸಿ, ಕ್ರಿಸ್ತ ಮರಳಿ ಬರುವ ತನಕ ಈ ಗುಂಡಿಗೆ ಮುದ್ರೆ ಬಿದ್ದಿರಲಿ ಎನ್ನಬೇಕು. ಅಷ್ಟಾದರೆ ಮುಗಿಯಿತು. ಕೆಲವರು ಆಗಲೇ ಕೊಪ್ಪರಿಗೆಯ ಕಡೆಗೆ ಮೂಗರಳಿಸಿ ನಿಂತಿದ್ದರು.

"ಸ್ವಲ್ಪ ಇರಿ," ಎಂದು ಕಿರಾಕೋಸ್ ಪುಸ್ತಕ ಬಿಡಿಸಿದ.

"ಇವತ್ಯಾಕೆ ಅದು?" ಎಂದ ಮರ್ಟಿರೋಸ್.

"ಓದ್ಲಿ ಬಿಡಿ ಮಾವ," ಎಂದಳು ವಾನೇನಿ. ಅವಳ ಮುಖದಲ್ಲಿ ಆ ದಿನ ಮೊದಲ ಸಲ ಸ್ವಲ್ಪ ಬೆಳಕಿತ್ತು.

ಅವನು ಓದಿದ. "ಅರ್ಮೇನಿಯರ ಲೆಕ್ಕದ ಏಳುನೂರ ನಲವತ್ತನಾಲ್ಕನೆಯ ವರ್ಷ. ಈ ವರ್ಷ ತಬ್ರೀಜಿನಲ್ಲಿ ಹೊಸ ಖಾನನು ಪಟ್ಟವೇರಿದನು. ದೇವಾಲಯಗಳನ್ನು ಕೆಡವಲು ಅಪ್ಪಣೆಯಾಯಿತು. ದೂರದ ಕಿಲಿಕಿಯಾದಲ್ಲಿ ರಾಜನ ತಮ್ಮಂದಿರು ಅಣ್ಣನ ಕಿರೀಟದ ಮೇಲೆ ಕಣ್ಣಿಟ್ಟರು. ಈಜಿಪ್ಟಿನಲ್ಲಿ ನದಿಯು ಏರದೆ ಜನರು ಹಸಿವಿನಿಂದ ಸತ್ತರು. ನಮ್ಮ ಅರ್ಪೆನಿಯಲ್ಲಿ ಪೂಜ್ಯ ಸ್ತೆಪಾನೋಸರು ಬಾಯಿ ಬಿಡದೆ ಪ್ರಾಣ ಬಿಟ್ಟರು..."

ಮುಂದೆ ಹೆರೆದ ಜಾಗ. ಅದರಾಚೆ 'ನಾಲಗೆಯಿಂದ ಈ ಸುವಾರ್ತೆಯು ವೈರಿಗಳ ಕೈಸೇರಿತು' ಎಂದು ಹಾಗೆಯೇ ಉಳಿದಿತ್ತು. ಇಡೀ ಸಾಲನ್ನು ಬಿಟ್ಟು ಪುಸ್ತಕ ಮುಚ್ಚಬಹುದಿತ್ತು. ವಾನೇನಿ ಬಯಸಿದ್ದೂ ಅಷ್ಟೇ. ಕಿರಾಕೋಸ್ ಅವಳನ್ನು ನೋಡಿದ. ಅವಳು ಮುಂದೆ ಬಾಗಿ, ಬರಲಾರದ ಒಂದು ಹೆಸರಿಗಾಗಿ ಕಿವಿಗೊಟ್ಟು ನಿಂತಿದ್ದಳು. ತುಟಿಗಳು ಅವನ ಓದಿನ ಜೊತೆಗೇ ಅಲುಗುತ್ತಿದ್ದವು.

"ಕಿರಾಕೋಸ್ ಎಂಬುವನ," ಎಂದು ಓದಿದ, "ನಾಲಗೆಯಿಂದ ಈ ಸುವಾರ್ತೆಯು ವೈರಿಗಳ ಕೈಸೇರಿತು."

ಯಾರಿಗೂ ಅರ್ಥವಾಗಲಿಲ್ಲ.

"ಏನಂದ್ರಿ?" ಎಂದ ತೋರೋಸ್.

"ನಾನು ತೋರಿಸಿಕೊಟ್ಟೆ. ಅವಳಲ್ಲ. ಅಕ್ರೋಟದ ಮರದ ಕೆಳಗೆ ನಿಂತು ಈ ಕೈ ಎತ್ತಿ, ರೊಟ್ಟಿಯವಳ ಮನೆ, ಹಳೇ ಒಲೆ ಅಂದೆ. ಅವೇತ ಸತ್ತದ್ದೂ ಅದರಿಂದಲೇ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಮರ್ಟಿರೋಸ್ ಮೊಣಕಾಲು ನೋವು ಮರೆತು ಬೇಗ ಬೇಗ ಮುಂದೆ ಬಂದ. ಅವನ ಕಣ್ಣಲ್ಲಿ ನೀರಿತ್ತು.

"ಕೇಳಿದ್ರೇನ್ರಪ್ಪ? ನಮ್ಮ ಸ್ವಾಮಿಗಳ ದೊಡ್ಡತನ ನೋಡಿ! ಸತ್ತವಳ ಪಾಪಾನ ತಮ್ಮ ತಲೆ ಮೇಲೆ ಹೊತ್ಕೊಂಡು ಅವಳನ್ನ ಹಗುರ ಮಾಡಿ ಕಳಿಸ್ತಿದಾರೆ. ಇಂಥೋರು ಎಲ್ಲಿ ಸಿಗ್ತಾರೆ?"

ಮುದುಕಿಯೊಬ್ಬಳು ಹೌದೆಂದು ಶಿಲುಬೆ ಹಾಕಿಕೊಂಡಳು. ಇಬ್ಬರು ಮೂವರು ಮುಂದೆ ಬಂದು ಅವನ ನಿಲುವಂಗಿಯ ಅಂಚನ್ನು ಮುಟ್ಟಿದರು. ಈಗ ಸುಮ್ಮನಿದ್ದರೆ ಸಾಕಿತ್ತು. ಸತ್ಯವನ್ನು ಹೇಳಿಯೂ ಆಗಿತ್ತು, ಅದರಿಂದ ಪಾರಾಗಿಯೂ ಆಗುತ್ತಿತ್ತು. ಆ ಸುಖ ಒಂದು ಕ್ಷಣ ಅವನ ಮೈಯನ್ನೆಲ್ಲ ಆವರಿಸಿತು. ಆ ಒಂದು ಕ್ಷಣಕ್ಕೆ ಅವನು ಆಮೇಲೆ ಪಟ್ಟ ನಾಚಿಕೆ ಉಳಿದೆಲ್ಲದಕ್ಕಿಂತ ಹೆಚ್ಚಿನದು.

"ದೊಡ್ಡತನ ಅಲ್ಲ!" ಎಂದು ಕೂಗಿದ. "ನನ್ನನ್ನ ಯಾರೂ ಹೊಡೀಲಿಲ್ಲ. ಬೆರಳು ಮುಟ್ಟಲಿಲ್ಲ. ಈ ಹಣೆ ಗಿರಣಿ ಹತ್ರ ಜಾರಿ ಬಿದ್ದು ಒಡೆದದ್ದು. ಅವಳು ಮಾಡಿನ ಮೇಲಿಂದ ನೋಡಿದಾಳೆ. ಅವಳಿಗೆ ಗೊತ್ತಿತ್ತು."

"ಗೊತ್ತಿದ್ರೆ ಹೇಳ್ತಿರ್ಲಿಲ್ವಾ?" ಎಂದ ಮರ್ಟಿರೋಸ್. "ಮೂವತ್ತೊಂದು ವರ್ಷ ಯಾರು ಸುಮ್ನಿರ್ತಾರೆ?"

"ಹೇಳಿದ್ಳು."

ಮಾತಾಡಿದವಳು ತಮ್ತಾ. ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದವಳು ಏಳಲಿಲ್ಲ. ನೆಲ ನೋಡುತ್ತಲೇ ಹೇಳಿದಳು.

"ಅಣ್ಣನ್ನ ಮಣ್ಣು ಮಾಡಿದ ದಿನಾನೇ ಹೇಳಿದ್ಳು. ನಮ್ಮಮ್ಮನ ಕಾಲು ಹಿಡ್ಕೊಂಡು, ಪುಟ್ಟ ಸ್ವಾಮಿ ಕೈ ಎತ್ತಿದ್ದು ನಾನೇ ಕಂಡೆ ಅತ್ತೆ ಅಂದ್ಳು. ನಮ್ಮಮ್ಮ ರೊಟ್ಟಿ ತಿರುವೋ ಕೊಕ್ಕೆ ತಗೊಂಡು ಬಾಯಿ ಮೇಲೆ ಹೊಡೆದ್ಳು. ದೇವರಂಥ ಹುಡುಗ ಅಲ್ಲಿ ರಕ್ತ ಕಾರ್ತಾ ಬಿದ್ದಿದಾನೆ, ಅವನ ಮೇಲೆ ಹಾಕ್ತೀಯಾ ರಂಡೆ ಅಂತ. ನಾನು ಅಲ್ಲೇ ಇದ್ದೆ. ಅವಳ ಕೈ ಹಿಡ್ಕೊಂಡಿದ್ದು ನಾನೇ, ಅಮ್ಮ ಸರಿಯಾಗಿ ಹೊಡೀಲಿ ಅಂತ." ತಮ್ತಾ ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. "ಆಮೇಲೆ ಅವಳು ಯಾರ ಹತ್ರಾನೂ ಏನೂ ಆಡ್ಲಿಲ್ಲ."

ಗಾಳಿ ಬೀಸಿ ಪುಸ್ತಕದ ಹಾಳೆಗಳು ತಾವಾಗಿ ಮಗುಚಿದವು. ನಿಲುವಂಗಿ ಮುಟ್ಟಿದ್ದವರು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು. ದಾರಿಯಲ್ಲಿ ನಗೆಯಾಡಿದ್ದ ಇಬ್ಬರಲ್ಲಿ ಒಬ್ಬ ಟೋಪಿಯನ್ನು ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ. ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ. ಅಷ್ಟು ಜನರಿದ್ದೂ ಅಲ್ಲಿ ಒಬ್ಬೊಬ್ಬರೂ ಒಂಟಿಯಾಗಿದ್ದರು.

ಕಿರಾಕೋಸ್ ವಾನೇನಿಯ ಮುಂದೆ ಮಂಡಿಯೂರಲು ಹೋದ.

"ಬೇಡ," ಎಂದಳು ಅವಳು. ಸ್ವರದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ತನ್ನ ತುಟಿಗಳನ್ನು ಅಂಗೈಯಿಂದ ಎರಡು ಸಲ ಒರೆಸಿಕೊಂಡಳು. ಅವನ ಕೈಗೆ ಮುತ್ತಿಟ್ಟ ತುಟಿಗಳು. "ನನ್ನನ್ನ ಕೇಳಬೇಡಿ. ನಾನು ಕೊಡೋದಲ್ಲ ಅದು. ಕೊಡೋಳು ಮೂವತ್ತೊಂದು ವರ್ಷ ಕಾದಿದ್ಳು, ನೀವು ಬರಲಿಲ್ಲ."

ಅವಳು ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು ಕಂಕುಳಲ್ಲಿಟ್ಟುಕೊಂಡಳು. ಅವನು ಕೊಟ್ಟ.

"ಮುದ್ರೆ ಯಾರು ಹಾಕ್ತಾರೆ ಈಗ?" ಎಂದು ಮರ್ಟಿರೋಸ್ ಯಾರಿಗೂ ಅಲ್ಲದ ಹಾಗೆ ಕೇಳಿದ. "ಪಕ್ಕದ ಕಣಿವೆಯ ಪಾದ್ರಿ ಬರೋಕೆ ಒಂದು ದಿನ ಬೇಕು."

"ನಾಳೆ ಬರ್ಲಿ," ಎಂದಳು ವಾನೇನಿ. "ಮಣ್ಣು ಇವತ್ತು ಹಾಕ್ಬೇಕು."

ತೋರೋಸ್ ಗುದ್ದಲಿಗೆ ಬಗ್ಗಿದ. ಅವಳು ಅದನ್ನು ಅವನ ಕೈಯಿಂದ ಬಿಡಿಸಿ, ತಂದು ಪಾದ್ರಿಯ ಕಾಲ ಬಳಿ ನೆಲಕ್ಕೆ ಮಲಗಿಸಿದಳು. ಆಮೇಲೆ ಹಿಂದೆ ಸರಿದು ತಮ್ತಾಳ ಪಕ್ಕದಲ್ಲಿ, ಆದರೆ ಅವಳಿಗೆ ತಾಗದಷ್ಟು ದೂರದಲ್ಲಿ ಕೂತಳು.

ಲೇಖನಿ ಮತ್ತು ಧೂಪದ ಪಾತ್ರೆ ಬಿಟ್ಟು ಬೇರೇನೂ ಹಿಡಿದು ಬಲ್ಲ ಕೈಯಲ್ಲ ಅದು. ಮೊದಲ ಸಲ ಎಳೆದಾಗ ಗುದ್ದಲಿ ಕಲ್ಲಿಗೆ ತಾಗಿ ಮೇಲಕ್ಕೆ ಹಾರಿತು. ಎರಡನೆಯ ಸಲ ಮಣ್ಣು ಗುಂಡಿಗೆ ಬೀಳುವ ಬದಲು ಅವನ ಪಾದದ ಮೇಲೆ ಬಿತ್ತು. ಯಾರೂ ನಗಲಿಲ್ಲ. ಯಾರೂ ಊಟಕ್ಕೆ ಹೋಗಲಿಲ್ಲ. ಹತ್ತು ಸಲ ಎಳೆಯುವಷ್ಟರಲ್ಲಿ ಅವನ ಉಸಿರು ಕಟ್ಟಿತು. ಹದಿನೈದರ ಹೊತ್ತಿಗೆ ಅಂಗೈ ಸುಲಿದು ಹಿಡಿ ಜಾರತೊಡಗಿತು. ಅವನು ಬಗ್ಗಿ ಬಗ್ಗಿ ಎಳೆಯುತ್ತಲೇ ಇದ್ದ.

ಹಾಗೆ ಬಗ್ಗಿದ ಒಂದು ಸಲ, ಕೊರಳಲ್ಲಿದ್ದ ಪಾದ್ರಿಯ ಪಟ್ಟಿ ಜಾರಿ ಗುಂಡಿಯೊಳಕ್ಕೆ ಬಿತ್ತು. ಬಿಷಪರು ಪಟ್ಟ ಕೊಟ್ಟ ದಿನ ತಮ್ಮ ಕೈಯಾರೆ ತೊಡಿಸಿದ್ದು. ಕಪ್ಪು ಮಣ್ಣಿನ ಮೇಲೆ ಅದರ ಚಿನ್ನದ ನೂಲಿನ ಶಿಲುಬೆಗಳು ಒಂದರ ಕೆಳಗೊಂದು ಎದ್ದು ಕಂಡವು.

"ಸ್ವಾಮಿ, ನಿಮ್ಮ ಪಟ್ಟಿ..." ಎಂದು ತೋರೋಸ್ ಅಭ್ಯಾಸಬಲದಿಂದ ಗುಂಡಿಗಿಳಿಯಲು ಒಂದು ಕಾಲು ಇಟ್ಟ.

ಕಿರಾಕೋಸ್ ಒಂದು ಕ್ಷಣ ಅದನ್ನು ನೋಡಿದ. ಆಮೇಲೆ ಗುದ್ದಲಿಯನ್ನು ಹಿಂದಕ್ಕೆ ಚಾಚಿ, ತುಂಬ ಮಣ್ಣನ್ನು ಎಳೆದುಕೊಂಡು, ಅದರ ಮೇಲೆ ಹಾಕಿದ.